ಹಳೆಯ ಕಲ್ಲಿದ್ದಲು ಒಲೆಯನ್ನು ಕೊಳ್ಳಬಹುದೇ? ಪೆನ್ಸಿಲ್ವೇನಿಯಾದ ಮನೆಗೆ ಸಲಹೆ ಬೇಕಾಗಿದೆ

ಪಾಟ್ಸ್‌ವಿಲ್ ಹೊಸಬ
ಎಲ್ಲರಿಗೂ ನಮಸ್ಕಾರ. ಪೆನ್ಸಿಲ್ವೇನಿಯಾದ ಸ್ಕೂಕಿಲ್ ಕೌಂಟಿಯಲ್ಲಿ, ಪಾಟ್ಸ್‌ವಿಲ್ ಪಟ್ಟಣಕ್ಕೆ ಸಮೀಪದಲ್ಲಿ, ಎರಡು ವರ್ಷಗಳ ಹಿಂದೆ ನಾವು ಒಂದು ಹಳೆಯ ಎರಡಂತಸ್ತಿನ ಮನೆಯನ್ನು ಕೊಂಡೆವು. ನೆಲಮಾಳಿಗೆಯಲ್ಲಿ ಎಣ್ಣೆಯ ಬಾಯ್ಲರ್ ಇದೆ. ಕಳೆದ ಚಳಿಗಾಲದಲ್ಲಿ ಎಣ್ಣೆಗೆ ತೆತ್ತ ಹಣವನ್ನು ಲೆಕ್ಕ ಹಾಕಿದಾಗ ಬೇರೆ ದಾರಿ ಹುಡುಕಲೇಬೇಕು ಎನ್ನಿಸಿತು. ಪಕ್ಕದ ಮನೆಯ ಹಿರಿಯರು ತಮ್ಮ ಇಡೀ ಮನೆಯನ್ನು ಒಂದೇ ಕಲ್ಲಿದ್ದಲು ಒಲೆಯಿಂದ ಬೆಚ್ಚಗಿಟ್ಟುಕೊಂಡಿದ್ದಾರೆ.

ಈಗ 450 ಡಾಲರಿಗೆ ಒಂದು ಹಳೆಯ ಒಲೆಯ ಜಾಹೀರಾತನ್ನು ನೋಡಿದ್ದೇನೆ. ಕೈಯಿಂದ ಕಲ್ಲಿದ್ದಲು ತುಂಬುವ ಮಾದರಿ, ಸೌದೆಯನ್ನೂ ಉರಿಸಬಹುದು, ಹೊಸದಾಗಿ ಕಪ್ಪು ಬಣ್ಣ ಹಚ್ಚಿದೆ ಎಂದು ಬರೆದಿದ್ದಾರೆ. ಗ್ರೇಟನ್ನು, ಅಂದರೆ ಕಲ್ಲಿದ್ದಲು ಕೂರುವ ಕಬ್ಬಿಣದ ಸರಳುಗಳ ಜಾಲರಿಯನ್ನು, ಅಲ್ಲಾಡಿಸುವ ಹಿಡಿ ಕಳೆದುಹೋಗಿದೆಯಂತೆ. ಹತ್ತು ವರ್ಷ ಅದು ನೆಲಮಾಳಿಗೆಯಲ್ಲಿ ಸುಮ್ಮನೆ ನಿಂತಿತ್ತಂತೆ. ಮನೆಯಲ್ಲಿ ಐದು ವರ್ಷದ ಮಗಳಿದ್ದಾಳೆ. ಇಂತಹ ಒಲೆಯನ್ನು ನೋಡಲು ಹೋದಾಗ ನಾನು ಏನನ್ನು ಪರೀಕ್ಷಿಸಬೇಕು? ಅನುಭವಿಗಳು ದಯವಿಟ್ಟು ತಿಳಿಸಿ.

ಸ್ಕ್ರಾಂಟನ್ ಗೃಹಿಣಿ
ಕೊಳ್ಳಬೇಡಿ. ಆರು ಚಳಿಗಾಲ ನಾನೇ ಅದರ ಬೂದಿ ಹೊತ್ತವಳು.

ಹೇಜಲ್ಟನ್ ವಾಸಿ
ನಾನು ಹತ್ತೊಂಬತ್ತು ಚಳಿಗಾಲಗಳಿಂದ ಕಲ್ಲಿದ್ದಲನ್ನೇ ಉರಿಸುತ್ತಿದ್ದೇನೆ, ಈಗಿರುವ ಒಲೆಯೂ ಹಳೆಯದನ್ನೇ ಕೊಂಡದ್ದು. ಆದ್ದರಿಂದ ಹಳೆಯ ಒಲೆ ಬೇಡವೇ ಬೇಡ ಎನ್ನಲಾರೆ. ಆದರೆ ನಿಮ್ಮ ಜಾಹೀರಾತಿನ ಎರಡು ಮಾತುಗಳು ನನಗೆ ಹಿಡಿಸಲಿಲ್ಲ. ಹೊಸ ಬಣ್ಣವು ಬಿರುಕನ್ನೂ ತುಕ್ಕನ್ನೂ ಮುಚ್ಚಬಲ್ಲದು. ಹತ್ತು ವರ್ಷ ನೆಲಮಾಳಿಗೆಯಲ್ಲಿ ನಿಂತಿತ್ತು ಎಂಬುದು ಅದಕ್ಕಿಂತ ಕೆಟ್ಟ ಸುದ್ದಿ. ಕಲ್ಲಿದ್ದಲಿನ ಹಾರುಬೂದಿಯಲ್ಲಿ ಗಂಧಕದ ಅಂಶವಿರುತ್ತದೆ. ಬೇಸಿಗೆಯ ತೇವ ಸೇರಿದರೆ ಅದು ಆಮ್ಲವಾಗಿ ಕಬ್ಬಿಣವನ್ನು ಒಳಗಿನಿಂದಲೇ ತಿನ್ನುತ್ತದೆ. ಪ್ರತಿ ವಸಂತದಲ್ಲಿ ಒಲೆಯನ್ನೂ ಹೊಗೆಕೊಳವೆಯನ್ನೂ ಗುಡಿಸಿ ಒಣಗಿಸದೆ ಬಿಟ್ಟವರ ಒಲೆಗಳು ಉರಿದು ಹಾಳಾಗುವುದಕ್ಕಿಂತ ಹೆಚ್ಚಾಗಿ ಸುಮ್ಮನೆ ನಿಂತೇ ಹಾಳಾಗುತ್ತವೆ.

ಹೋಗುವಾಗ ಒಂದು ಟಾರ್ಚು, ತಂತಿಯ ಬ್ರಷ್ಷು ಮತ್ತು ಒಂದು ಸ್ಕ್ರೂಡ್ರೈವರನ್ನು ಒಯ್ಯಿರಿ. ಒಲೆಯ ಒಳಗೋಡೆಗೆ ಫೈರ್‌ಬ್ರಿಕ್ ಇಟ್ಟಿಗೆಗಳನ್ನು ಜೋಡಿಸಿರುತ್ತಾರೆ. ಮಾರುವವರ ಅನುಮತಿ ಪಡೆದು ಹಿಂಬದಿಯ ಒಂದೆರಡು ಇಟ್ಟಿಗೆಗಳನ್ನು ಸರಿಸಿ, ಅವುಗಳ ಹಿಂದಿನ ಉಕ್ಕಿನ ತಗಡನ್ನು ಸ್ಕ್ರೂಡ್ರೈವರಿನ ಮೊನೆಯಿಂದ ಒತ್ತಿ ನೋಡಿ. ಇಟ್ಟಿಗೆ ಒಡೆದಿದ್ದರೆ ಚಿಂತೆಯಿಲ್ಲ, ಹೊಸದು ಸಿಗುತ್ತದೆ. ತಗಡು ಪುಡಿಯಾಗಿ ಉದುರಿದರೆ ಆ ಒಲೆಯನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ಬೂದಿಯ ತಟ್ಟೆ ಕೂರುವ ಜಾಗದ ತಳವನ್ನೂ ಮೂಲೆಗಳ ಬೆಸುಗೆಯನ್ನೂ ಹಾಗೆಯೇ ನೋಡಬೇಕು.

ಇನ್ನು ಗ್ರೇಟು. ಅದು ಒಲೆಯ ಜೀವ. ಸರಳುಗಳು ಮಧ್ಯದಲ್ಲಿ ಜೋತುಬಿದ್ದಿದ್ದರೆ ಹಿಂದಿನವರು ಬೂದಿಯ ಬಾಗಿಲನ್ನು ತೆರೆದಿಟ್ಟು ಅತಿಯಾಗಿ ಉರಿಸಿದ್ದಾರೆ ಎಂದೇ ಅರ್ಥ. ಹಿಡಿ ಇಲ್ಲದಿದ್ದರೂ ಇಕ್ಕಳದಿಂದ ಹಿಡಿದು ಗ್ರೇಟನ್ನು ಕೊನೆಯವರೆಗೂ ಅಲ್ಲಾಡಿಸಿ ನೋಡಿ, ಎಲ್ಲಿಯೂ ಸಿಕ್ಕಿಕೊಳ್ಳಬಾರದು. ಆ ಮಾದರಿಗೆ ಬಿಡಿ ಗ್ರೇಟು ಈಗಲೂ ಸಿಗುತ್ತದೆಯೇ ಎಂಬುದನ್ನು ಮನೆಯಿಂದ ಹೊರಡುವ ಮೊದಲೇ ವಿಚಾರಿಸಿ.

ರಾಯಚೂರಿನವನು
ನಾನು ಶಕ್ತಿನಗರದಲ್ಲಿ ಬೆಳೆದವನು. ಅಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ 1985ರಲ್ಲಿ ಶುರುವಾಯಿತು, ಬೂದಿಯ ಕೊಳಗಳನ್ನು ನಾವು ನೋಡಿಕೊಂಡೇ ದೊಡ್ಡವರಾದೆವು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ ಮೂವತ್ತರಿಂದ ನಲವತ್ತೈದರಷ್ಟು ಬೂದಿಯೇ ಇರುತ್ತದೆ. ಅಂಥದ್ದನ್ನು ಮಗುವಿರುವ ಮನೆಯೊಳಗೆ ಉರಿಸುವುದನ್ನು ನನಗೆ ಊಹಿಸಿಕೊಳ್ಳಲೂ ಆಗುವುದಿಲ್ಲ. ಹೊಗೆಗೆ ಏನು ಮಾಡುತ್ತೀರಿ?

ಹೇಜಲ್ಟನ್ ವಾಸಿ
ರಾಯಚೂರಿನವರೇ, ಹೆಸರು ಒಂದೇ ಆದರೂ ವಸ್ತು ಬೇರೆ. ಈಶಾನ್ಯ ಪೆನ್ಸಿಲ್ವೇನಿಯಾದಲ್ಲಿ ಸಿಗುವುದು ಆಂಥ್ರಸೈಟ್. ಅದರಲ್ಲಿ ಇಂಗಾಲದ ಅಂಶವೇ ನೂರಕ್ಕೆ 86ಕ್ಕಿಂತ ಹೆಚ್ಚು, ಬೂದಿ ಸುಮಾರು ಹತ್ತರಷ್ಟು, ಹೊಗೆ ಕಣ್ಣಿಗೆ ಕಾಣುವುದೇ ಇಲ್ಲ. ಕೈಗೆತ್ತಿಕೊಂಡರೆ ಕರಿಗಾಜಿನಂತೆ ಹೊಳೆಯುತ್ತದೆ. ಆದರೆ ಅದಕ್ಕೆ ಬೆಂಕಿ ಹಿಡಿಸುವುದು ಕಷ್ಟ. ಗಟ್ಟಿ ಸೌದೆಯ ಅಥವಾ ಇದ್ದಿಲಿನ ಒಳ್ಳೆಯ ಕೆಂಡವಾದ ಮೇಲೆ ಸ್ವಲ್ಪಸ್ವಲ್ಪವಾಗಿ ಹಾಕುತ್ತಾ ಹೋಗಬೇಕು.

ಇಲ್ಲಿನವರು ಈಗಲೂ ಹೇಳುವ ಒಂದು ಸಂಗತಿಯಿದೆ. ವಿಲ್ಕ್ಸ್-ಬ್ಯಾರಿ ಊರಿನ ಜೆಸ್ಸಿ ಫೆಲ್ ಎಂಬವರು 1808ರ ಫೆಬ್ರವರಿ 11ರಂದು ತಮ್ಮ ಮನೆಯ ಅಗ್ಗಿಷ್ಟಿಕೆಯಲ್ಲಿ ಕಬ್ಬಿಣದ ಸರಳುಗಳ ಗ್ರೇಟನ್ನಿಟ್ಟು, ತಿದಿಯ ಗಾಳಿಯಿಲ್ಲದೆಯೇ ಆಂಥ್ರಸೈಟನ್ನು ಉರಿಸಿ ತೋರಿಸಿದರು. ಕೆಳಗಿನಿಂದ ಗಾಳಿ ತಾನಾಗಿ ಏರುವಂತೆ ಮಾಡಿದ್ದೇ ಅವರ ಉಪಾಯ. ಗ್ರೇಟು ಒಲೆಯ ಜೀವ ಎಂದು ನಾನು ಹೇಳಿದ್ದು ಆ ಕಾರಣಕ್ಕೆ.

ಅಲೆನ್‌ಟೌನ್ ಮಲೆನಾಡಿಗ
ನಮ್ಮ ಮನೆಯಲ್ಲಿ ಒಳ್ಳೆಯ ಸೌದೆ ಒಲೆಯಿದೆ. ಅದರಲ್ಲಿಯೇ ನಾಲ್ಕು ತುಂಡು ಕಲ್ಲಿದ್ದಲನ್ನು ಹಾಕಿದರೆ ರಾತ್ರಿಯಿಡೀ ಕೆಂಡ ಉಳಿಯುವುದಿಲ್ಲವೇ? ಅದಕ್ಕಾಗಿ ಬೇರೊಂದು ಒಲೆ ಏಕೆ ಬೇಕು?

ಹೇಜಲ್ಟನ್ ವಾಸಿ
ದಯವಿಟ್ಟು ಹಾಗೆ ಮಾಡಬೇಡಿ. ಸೌದೆಗೆ ಮೇಲಿನಿಂದ ಗಾಳಿ ಸಾಕು, ಕಲ್ಲಿದ್ದಲಿಗೆ ಕೆಳಗಿನಿಂದಲೇ ಬೇಕು. ಬರಿಯ ಸೌದೆ ಒಲೆಗೆ ಗ್ರೇಟೂ ಇಲ್ಲ, ಅಷ್ಟು ಕಾವನ್ನು ಒಂದೇ ಜಾಗದಲ್ಲಿ ತಾಳುವ ಕಟ್ಟೂ ಇಲ್ಲ. ಒಂದೋ ಕಲ್ಲಿದ್ದಲು ಅರೆಬೆಂದು ವಿಷಾನಿಲವನ್ನು ಬಿಡುತ್ತದೆ, ಇಲ್ಲವೇ ಒಲೆಯ ತಳ ಕೆಂಪಾಗಿ ಬಾಗುತ್ತದೆ. ಒಲೆಯ ಹಿಂಬದಿಯ ಲೋಹದ ಫಲಕದಲ್ಲಿ ಕಲ್ಲಿದ್ದಲಿನ ಹೆಸರಿಲ್ಲದಿದ್ದರೆ ಅದರಲ್ಲಿ ಕಲ್ಲಿದ್ದಲನ್ನು ಹಾಕಕೂಡದು.

ಅಲೆನ್‌ಟೌನ್ ಮಲೆನಾಡಿಗ
ತಿಳಿಯಿತು, ಕೃತಜ್ಞತೆಗಳು. ನಮ್ಮ ಊರಿನ ಬಚ್ಚಲು ಒಲೆಯ ಅಭ್ಯಾಸದಿಂದ ಕೇಳಿದೆ. ಅಲ್ಲಿ ಹಂಡೆಯ ಕೆಳಗೆ ತೆಂಗಿನ ಮೋಟು, ಅಡಿಕೆ ಸಿಪ್ಪೆ, ಹಸಿ ಸೌದೆ ಏನನ್ನು ಒಡ್ಡಿದರೂ ಉರಿಯುತ್ತಿತ್ತು, ಊದುಕೊಳವೆಯಿಂದ ಊದಿ, ಕೋಲಿನಿಂದ ಕೆದಕಿ ಉರಿ ಎಬ್ಬಿಸುತ್ತಿದ್ದೆವು.

ಹೇಜಲ್ಟನ್ ವಾಸಿ
ಆ ಕೆದಕುವ ಅಭ್ಯಾಸವನ್ನು ನಮ್ಮವರು ಮೊದಲು ಬಿಡಬೇಕು. ಆಂಥ್ರಸೈಟನ್ನು ಮೇಲಿನಿಂದ ಕೆದಕಿದರೆ ಕೆಂಡದ ನಡುವಿನ ಗಾಳಿಯ ಹಾದಿಗಳು ಮುಚ್ಚಿ ಬೆಂಕಿ ಸಾಯುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಗ್ರೇಟನ್ನು ಚಿಕ್ಕದಾಗಿ ಅಲ್ಲಾಡಿಸಿ, ಬೂದಿಯ ತಟ್ಟೆಯಲ್ಲಿ ಕೆಂಪು ಕಿಡಿ ಬೀಳಲು ಶುರುವಾದ ಕೂಡಲೇ ನಿಲ್ಲಿಸಬೇಕು. ಆಮೇಲೆ ಇಟ್ಟಿಗೆಯ ಎತ್ತರದವರೆಗೂ ಕಲ್ಲಿದ್ದಲನ್ನು ತುಂಬಬೇಕು. ತೆಳುವಾದ ಪದರ ಉರಿಯುವುದಿಲ್ಲ. ಆದರೆ ಇಡೀ ಕೆಂಡವನ್ನು ಒಮ್ಮೆಗೇ ಮುಚ್ಚಬಾರದು. ಒಂದು ಮೂಲೆಯಲ್ಲಿ ಕೆಂಪು ಕಾಣುತ್ತಿರಲಿ. ಹೊಸ ಕಲ್ಲಿದ್ದಲಿನಿಂದ ಏಳುವ ಅನಿಲಕ್ಕೆ ಆ ಕೆಂಡದಿಂದ ಬೆಂಕಿ ತಗುಲಿ ನೀಲಿ ಜ್ವಾಲೆಗಳು ಕುಣಿಯುತ್ತವೆ. ಪೂರ್ತಿ ಮುಚ್ಚಿದರೆ ಅನಿಲ ಒಳಗೇ ತುಂಬಿಕೊಂಡು ಒಮ್ಮೆಲೇ ಹೊತ್ತಿ, ಹೊಗೆಕೊಳವೆಯ ಕೀಲುಗಳನ್ನೇ ಬಿಚ್ಚುವಷ್ಟು ಜೋರಾಗಿ ಸಿಡಿಯಬಹುದು.

ತುರ್ತು ಚಿಕಿತ್ಸಾ ವೈದ್ಯೆ
ಇಷ್ಟು ಹೊತ್ತಿನ ಚರ್ಚೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಹೆಸರೇ ಬರದಿರುವುದು ನನಗೆ ಕಳವಳ ತಂದಿದೆ. ಮೇಲಿನವರು ಹೇಳಿದ ನೀಲಿ ಜ್ವಾಲೆ ಆ ಅನಿಲವೇ ಉರಿಯುವ ಜ್ವಾಲೆ. ಉರಿಯದೆ ಕೋಣೆಗೆ ಬಂದರೆ ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮೂ ಬರುವುದಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ.

ಚಳಿಗಾಲದಲ್ಲಿ ತಲೆನೋವು, ವಾಕರಿಕೆ, ತಲೆಸುತ್ತು ಎಂದು ಇಡೀ ಕುಟುಂಬವೇ ಬಂದಾಗ ಫ್ಲೂ ಎಂದುಕೊಳ್ಳುವುದು ಸುಲಭ. ಆದರೆ ಜ್ವರವಿಲ್ಲ, ಎಲ್ಲರಿಗೂ ಒಟ್ಟಿಗೇ ಶುರುವಾಗಿದೆ, ಮನೆಯಿಂದ ಹೊರಬಿದ್ದ ಮೇಲೆ ಹಗುರವಾಗಿದೆ ಎಂದು ಕೇಳಿದ ಕೂಡಲೇ ನಾನು ಒಲೆಯ ಬಗ್ಗೆ ವಿಚಾರಿಸುತ್ತೇನೆ. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರನ್ನು ನಂಬಬೇಡಿ. ಅದು ಈ ವಿಷವನ್ನು ಆಮ್ಲಜನಕದಿಂದ ಬೇರ್ಪಡಿಸಿ ತೋರಿಸಲಾರದು, ಅಂಕಿ ಚೆನ್ನಾಗಿಯೇ ಕಾಣುತ್ತದೆ. ಇಲ್ಲಿ ಮಾರುವ ಎಚ್ಚರಿಕೆ ಗಂಟೆಗಳು ದಶಲಕ್ಷಕ್ಕೆ 70 ಭಾಗ ಅನಿಲವಿದ್ದರೆ ಒಂದರಿಂದ ನಾಲ್ಕು ಗಂಟೆಗಳೊಳಗೆ, 400 ಭಾಗವಿದ್ದರೆ 4ರಿಂದ 15 ನಿಮಿಷಗಳೊಳಗೆ ಕೂಗಿಕೊಳ್ಳಬೇಕೆಂಬ ನಿಯಮವಿದೆ. ಅದಕ್ಕಿಂತ ಕಡಿಮೆ ಪ್ರಮಾಣವನ್ನೂ ಅಂಕಿಯಲ್ಲಿ ತೋರಿಸುವ ಗಂಟೆಯನ್ನೇ ಕೊಳ್ಳಿ. ಪ್ರತಿ ಅಂತಸ್ತಿನಲ್ಲಿ ಒಂದು, ಮಲಗುವ ಕೋಣೆಯ ಹೊರಗೆ ಒಂದು ಇರಲೇಬೇಕು. ಒಲೆಗಿಂತ ಮೊದಲು ಅವು ಮನೆಗೆ ಬರಲಿ.

ಅಲೆನ್‌ಟೌನ್ ಮಲೆನಾಡಿಗ
ನಮ್ಮ ಹಳ್ಳಿಯ ಮನೆಗಳಲ್ಲಿ ತಲೆತಲಾಂತರದಿಂದ ಒಲೆ ಉರಿದರೂ ಹೀಗಾದದ್ದನ್ನು ನಾನು ಕೇಳಿಲ್ಲ.

ತುರ್ತು ಚಿಕಿತ್ಸಾ ವೈದ್ಯೆ
ಹೆಂಚಿನ ಸಂದುಗಳಲ್ಲಿ ಹೊಗೆ ಹೊರಗೆ ಹೋಗುತ್ತಿತ್ತು, ಬಚ್ಚಲಂತೂ ಎಷ್ಟೋ ಕಡೆ ಮನೆಯಿಂದ ಹೊರಗೇ ಇರುತ್ತಿತ್ತು. ಇಲ್ಲಿ ಚಳಿಗೆ ಹೆದರಿ ಕಿಟಕಿಯ ಸಂದುಗೊಂದುಗಳನ್ನೆಲ್ಲ ಮುಚ್ಚಿ ಮಲಗುತ್ತೇವೆ. ಆ ಅನುಭವವನ್ನು ಈ ಮನೆಗಳಿಗೆ ಅನ್ವಯಿಸಬೇಡಿ.

ಸ್ಕ್ರಾಂಟನ್ ಗೃಹಿಣಿ
ವೈದ್ಯರು ಹೇಳಿದ್ದಕ್ಕೆ ನಮ್ಮ ಮನೆಯಲ್ಲಿ ನಡೆದದ್ದನ್ನೇ ಸೇರಿಸುತ್ತೇನೆ. ಅತ್ತೆ ಮಾವ ಊರಿನಿಂದ ಬಂದಿದ್ದರು, ಹಬ್ಬದ ಅಡುಗೆ. ಒಗ್ಗರಣೆಯ ಘಾಟಿಗೆಂದು ಅಡುಗೆಮನೆಯ ಎಕ್ಸಾಸ್ಟ್ ಫ್ಯಾನನ್ನು ಪೂರ್ತಿ ವೇಗಕ್ಕೆ ಇಟ್ಟಿದ್ದೆ. ಸ್ವಲ್ಪ ಹೊತ್ತಿನಲ್ಲಿ ನೆಲಮಾಳಿಗೆಯ ಗಂಟೆ ಕೂಗಿಕೊಂಡಿತು. ಬಾಗಿಲು ಕಿಟಕಿ ಮುಚ್ಚಿದ ಮನೆಯಿಂದ ಫ್ಯಾನು ಗಾಳಿಯನ್ನು ಹೊರಗೆ ಎಳೆದಾಗ, ಆ ಜಾಗವನ್ನು ತುಂಬಲು ಚಿಮಣಿಯಿಂದಲೇ ಗಾಳಿ ಕೆಳಗಿಳಿದು ಬಂದಿದೆ ಎಂದು ಆಮೇಲೆ ಬಂದ ಅಗ್ನಿಶಾಮಕ ಸಿಬ್ಬಂದಿ ವಿವರಿಸಿದರು. ಅಂದು ಗಂಟೆ ಇರದಿದ್ದರೆ ಏನಾಗುತ್ತಿತ್ತು ಎಂದು ನೆನೆಯಲೂ ಭಯವಾಗುತ್ತದೆ. ನನ್ನ ವಿರೋಧ ಬರಿಯ ಬೂದಿಯ ಶ್ರಮದಿಂದ ಹುಟ್ಟಿದ್ದಲ್ಲ.

ಹೇಜಲ್ಟನ್ ವಾಸಿ
ಮೇಡಂ, ಈ ಅನುಭವ ಎಲ್ಲರೂ ಓದಬೇಕಾದದ್ದು. ನಮ್ಮವರ ಅಡುಗೆಮನೆಯ ಫ್ಯಾನಿನ ವಿಚಾರ ಇಲ್ಲಿನ ಕೈಪಿಡಿಗಳನ್ನು ಓದುವಾಗ ನಮಗೆ ಹೊಳೆಯುವುದಿಲ್ಲ. ಫ್ಯಾನು ಹಾಕುವಾಗ ಹತ್ತಿರದ ಒಂದು ಕಿಟಕಿಯನ್ನು ತೆರೆಯಬೇಕು. ಇನ್ನೊಂದು ಅಪಾಯದ ಕಾಲ ಅಕ್ಟೋಬರ್ ಮತ್ತು ಏಪ್ರಿಲ್. ಹೊರಗಿನ ಬಿಸಿ 10 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚಾದರೆ ಚಿಮಣಿಯ ಸೆಳೆತ ಕುಗ್ಗುತ್ತದೆ. ಅಂತಹ ದಿನಗಳಲ್ಲಿ ಬೆಂಕಿಯನ್ನು ಸಣ್ಣದಾಗಿ ಉಳಿಸಿಕೊಳ್ಳಲು ಹೆಣಗುವ ಬದಲು ಆರಲು ಬಿಡುವುದೇ ಲೇಸು.

ಫಿಲಡೆಲ್ಫಿಯಾ ಎಂಜಿನಿಯರ್
ನಾನು ಮೂಲಭೂತವಾದ ಆಕ್ಷೇಪವನ್ನೇ ಎತ್ತುತ್ತೇನೆ. ಹತ್ತು ಲಕ್ಷ ಬಿಟಿಯು (ಇಲ್ಲಿ ಶಾಖವನ್ನು ಅಳೆಯುವ ಮಾನ) ಶಾಖಕ್ಕೆ ಆಂಥ್ರಸೈಟ್ ಸುಮಾರು 104 ಕಿಲೋ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ, ಮನೆ ಕಾಯಿಸುವ ಎಣ್ಣೆ ಸುಮಾರು 74 ಕಿಲೋ. ಐದು ವರ್ಷದ ಮಗಳ ತಂದೆಯಾಗಿ ನೀವು ಎಣ್ಣೆಗಿಂತಲೂ ಕೊಳಕಾದ ಇಂಧನಕ್ಕೆ ಏಕೆ ಹೋಗಬೇಕು? ಅದೇ ಹಣವನ್ನು ಗೋಡೆ ಅಟ್ಟಗಳ ಶಾಖ ಸೋರಿಕೆಯನ್ನು ತಡೆಯಲು ಹಾಕಿ, ಬಳಿಕ ಹೊರಗಿನ ಶಾಖವನ್ನು ವಿದ್ಯುತ್ತಿನಿಂದ ಮನೆಯೊಳಗೆ ತರುವ ಹೀಟ್ ಪಂಪನ್ನು ಕೂರಿಸಿ.

ಹೇಜಲ್ಟನ್ ವಾಸಿ
ನಿಮ್ಮ ಅಂಕಿಗಳನ್ನು ನಾನು ಅಲ್ಲಗಳೆಯುವುದಿಲ್ಲ. ಅಟ್ಟದ ಸೋರಿಕೆಯನ್ನು ಮೊದಲು ತಡೆಯಬೇಕೆಂಬುದನ್ನೂ ಒಪ್ಪುತ್ತೇನೆ. ಆದರೆ ಹಿಮಮಳೆಗೆ ತಂತಿಗಳು ಹರಿದು ಮೂರು ದಿನ ವಿದ್ಯುತ್ ಇಲ್ಲದಿದ್ದಾಗ ನಮ್ಮ ಬೀದಿಯಲ್ಲಿ ಬೆಚ್ಚಗಿದ್ದ ಮನೆಗಳೆಲ್ಲ ಕೈಯಿಂದ ತುಂಬುವ ಒಲೆಗಳಿದ್ದವು. ಹಣದ ಲೆಕ್ಕವನ್ನೂ ನೋಡಿ. ಒಂದು ಟನ್ನು ಎಂದರೆ ಇಲ್ಲಿ 2,000 ಪೌಂಡು, ನಲವತ್ತು ಪೌಂಡಿನ ಐವತ್ತು ಚೀಲ. ಅದರಲ್ಲಿ ಸುಮಾರು 2.5 ಕೋಟಿ ಬಿಟಿಯು ಶಾಖವಿದೆ. ಒಂದು ಗ್ಯಾಲನ್ ಎಣ್ಣೆಯಲ್ಲಿ ಸುಮಾರು 1,38,500. ಅಂದರೆ ಒಂದು ಟನ್ನು ಕಲ್ಲಿದ್ದಲು 180 ಗ್ಯಾಲನ್ ಎಣ್ಣೆಗೆ ಸಮ. ಒಲೆಯ ದಕ್ಷತೆ ಬಾಯ್ಲರಿಗಿಂತ ಕಡಿಮೆಯೆಂದು 150 ಗ್ಯಾಲನ್ ಎಂದೇ ಇಟ್ಟುಕೊಳ್ಳಿ. ಗಣಿಯಿಂದ ದೂರ ಹೋದಷ್ಟೂ ಸಾಗಣೆಯ ಖರ್ಚು ಏರುವುದರಿಂದ ಫಿಲಡೆಲ್ಫಿಯಾದಲ್ಲಿ ನಾನೂ ಈ ಸಲಹೆಯನ್ನು ಕೊಡುತ್ತಿರಲಿಲ್ಲ. ಪಾಟ್ಸ್‌ವಿಲ್ ಗಣಿಗಳ ನಡುವೆಯೇ ಇದೆ.

ಫಿಲಡೆಲ್ಫಿಯಾ ಎಂಜಿನಿಯರ್
ವಿದ್ಯುತ್ ಹೋದಾಗಿನ ಮಾತನ್ನು ಒಪ್ಪಿದೆ. ಮಿಕ್ಕ ದಿನಗಳ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಬೆತ್ಲೆಹೆಮ್ ಬೆಸುಗೆಯವನು
ತಾಂತ್ರಿಕ ವಿಷಯಕ್ಕೆ ಮರಳೋಣ. ಒಲೆಯ ಮೈ ಎರಕದ ಕಬ್ಬಿಣದ್ದೋ ಉಕ್ಕಿನ ತಗಡಿನದೋ ಎಂಬುದನ್ನು ತಿಳಿದುಕೊಳ್ಳಿ. ತಗಡಿನ ಬೆಸುಗೆ ಬಿಟ್ಟಿದ್ದರೆ ಸರಿಪಡಿಸಬಹುದು. ಎರಕದ ಕಬ್ಬಿಣ ಸೀಳಿದ್ದರೆ, ಬೆಸುಗೆ ಹಾಕಿದ ಪಕ್ಕದಲ್ಲಿಯೇ ಮತ್ತೆ ಸೀಳುವ ಸಂಭವ ಹೆಚ್ಚು. ಇಪ್ಪತ್ತು ವರ್ಷಗಳ ಅನುಭವವಿರುವ ನಾನೇ ಆ ಕೆಲಸವನ್ನು ಒಪ್ಪಿಕೊಳ್ಳುವುದಿಲ್ಲ. ಬಾಗಿಲಿನ ಅಂಚಿನ ಹಗ್ಗದಂತಹ ಗ್ಯಾಸ್ಕೆಟ್ಟನ್ನು ಪರೀಕ್ಷಿಸಲು ಒಂದು ಡಾಲರಿನ ನೋಟನ್ನು ಬಾಗಿಲಿನ ಸಂದಿನಲ್ಲಿಟ್ಟು ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಜಾರಿ ಬಂದರೆ ಹಗ್ಗ ಬದಲಿಸಬೇಕು. ಹಗ್ಗ ಬದಲಿಸುವುದು ಒಂದು ಸಂಜೆಯ ಕೆಲಸ. ಬಾಗಿಲೇ ಸೊಟ್ಟಗಾಗಿದ್ದರೆ ಹಗ್ಗದಿಂದ ಪ್ರಯೋಜನವಿಲ್ಲ. ಬೂದಿಯ ಬಾಗಿಲನ್ನು ಇನ್ನೂ ಹೆಚ್ಚು ಎಚ್ಚರದಿಂದ ನೋಡಿ, ಅಲ್ಲಿ ಗಾಳಿ ಸೋರಿದರೆ ಬೆಂಕಿ ನಿಮ್ಮ ಹಿಡಿತದಲ್ಲಿರುವುದಿಲ್ಲ.

ಯಾರ್ಕ್ ಕನ್ನಡಿಗ
ಕೈಯಿಂದ ತುಂಬುವ ಒಲೆಗಿಂತ ಸ್ಟೋಕರ್ ಒಲೆ ಉತ್ತಮವಲ್ಲವೇ? ಅಕ್ಕಿಯ ಗಾತ್ರದ ಕಲ್ಲಿದ್ದಲನ್ನು ಡಬ್ಬಕ್ಕೆ ಸುರಿದರೆ ತಾನೇ ಉರಿದುಕೊಳ್ಳುತ್ತದೆ, ಥರ್ಮೋಸ್ಟಾಟಿಗೂ ಹೊಂದಿಕೊಳ್ಳುತ್ತದೆ.

ಹೇಜಲ್ಟನ್ ವಾಸಿ
ಅನುಕೂಲ ಹೌದು, ಆದರೆ ಅದರ ಮೋಟಾರಿಗೂ ಫ್ಯಾನಿಗೂ ವಿದ್ಯುತ್ ಬೇಕು, ಹಳೆಯದನ್ನು ಕೊಳ್ಳುವಾಗ ಆ ಭಾಗಗಳ ಸವೆತವನ್ನೂ ನೋಡಬೇಕು. ಕೈಯಿಂದ ತುಂಬುವ ಒಲೆಗೆ ‘ನಟ್’ ಎನ್ನುವ, ಸುಮಾರು ಎರಡರಿಂದ ನಾಲ್ಕು ಸೆಂಟಿಮೀಟರ್ ಗಾತ್ರದ ಕಲ್ಲಿದ್ದಲು ಸರಿಹೊಂದುತ್ತದೆ. ‘ರೈಸ್’ ಹಾಕಿದರೆ ಗ್ರೇಟಿನ ಸಂದಿಯಲ್ಲಿ ಉದುರಿಹೋಗುತ್ತದೆ.

ಪಾಟ್ಸ್‌ವಿಲ್ ಹೊಸಬ
ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿನ್ನೆ ಒಲೆಯನ್ನು ನೋಡಿಕೊಂಡು ಬಂದೆ. ಹೊರಗಿನಿಂದ ಬಹಳ ಅಂದವಾಗಿತ್ತು, ಬಾಗಿಲಲ್ಲಿ ಡಾಲರಿನ ನೋಟು ಬಿಗಿಯಾಗಿಯೇ ನಿಂತಿತು, ಗ್ರೇಟೂ ನೇರವಾಗಿತ್ತು. ಮಾರುವವರು ಸಜ್ಜನರು, ಇಟ್ಟಿಗೆ ಸರಿಸಲು ಒಪ್ಪಿದರು. ಹಿಂಬದಿಯ ಎರಡನೆಯ ಇಟ್ಟಿಗೆಯನ್ನು ತೆಗೆದಾಗ ಅದರ ಹಿಂದೆ ಪದರಪದರವಾಗಿ ತುಕ್ಕು ಎದ್ದಿತ್ತು. ಸ್ಕ್ರೂಡ್ರೈವರನ್ನು ಮೆಲ್ಲಗೆ ಒತ್ತಿದೆ, ಅದು ಆಚೆ ಬದಿಗೆ ಹೊರಬಂದಿತು. ಅವರಿಗೂ ಅದು ಗೊತ್ತಿರಲಿಲ್ಲ, ಪಾಪ, ಮುಖ ಸಣ್ಣದಾಯಿತು. ಇಲ್ಲಿ ಕೇಳದೆ ಹೋಗಿದ್ದರೆ ನಾನು ಅದನ್ನು ಖಂಡಿತವಾಗಿ ಮನೆಗೆ ತರುತ್ತಿದ್ದೆ.

ಬೇರೆ ಒಲೆಯನ್ನು ಹುಡುಕುವ ಮೊದಲು ನಮ್ಮ ಚಿಮಣಿಗೆ ಹೊಂದುತ್ತದೆಯೇ ಎಂದು ತಿಳಿಯಬೇಕಲ್ಲವೇ? ಎಣ್ಣೆ ಬಾಯ್ಲರಿನ ಕೊಳವೆ ಸೇರಿರುವ ಚಿಮಣಿಗೇ ಒಲೆಯ ಕೊಳವೆಯನ್ನೂ ಸೇರಿಸಬಹುದೇ? ಅಡುಗೆಮನೆಯ ಬದಿಯಲ್ಲಿ ಹಿಂದಿನವರು ಗಾರೆ ಹಾಕಿ ಮುಚ್ಚಿದ ಇನ್ನೊಂದು ಹಳೆಯ ಚಿಮಣಿಯೂ ಇದೆ.

ಬೆತ್ಲೆಹೆಮ್ ಬೆಸುಗೆಯವನು
ಬಾಯ್ಲರಿನ ಚಿಮಣಿಯಲ್ಲಿ ಸೇರಿಸಲೇಬೇಡಿ.

ಹೇಜಲ್ಟನ್ ವಾಸಿ
ಒಂದು ಹೊಗೆದಾರಿಗೆ ಒಂದೇ ಒಲೆ. ಎರಡು ಸೇರಿದರೆ ಒಂದರ ಅನಿಲ ಇನ್ನೊಂದರ ಬಾಯಿಂದ ಮನೆಯೊಳಗೆ ಬರಬಹುದು. ಆ ಹಳೆಯ ಚಿಮಣಿಯೇ ನಿಮಗೆ ದಾರಿ. ಚಿಮಣಿ ಪರೀಕ್ಷಕರನ್ನು ಕರೆಸಿ, ಒಳಗೆ ಕ್ಯಾಮೆರಾ ಇಳಿಸಿ ನೋಡಲು ಹೇಳಿ. ಒಳಗಿನ ಮಣ್ಣಿನ ಹೆಂಚು ಬಿರಿದಿದ್ದರೆ ಸ್ಟೇನ್‌ಲೆಸ್ ಸ್ಟೀಲಿನ ಒಳಕೊಳವೆಯನ್ನು ಇಳಿಸಬೇಕಾಗುತ್ತದೆ. ಕಲ್ಲಿದ್ದಲಿಗೆಂದು ಸ್ಪಷ್ಟವಾಗಿ ಹೇಳಿ, 316 ಟಿಐ ದರ್ಜೆಯದನ್ನೇ ಕೇಳಿ. ಕೆಳದರ್ಜೆಯ ಸ್ಟೀಲನ್ನು ಗಂಧಕ ಬೇಗನೆ ತಿನ್ನುತ್ತದೆ. ಆ ಖರ್ಚು ಒಲೆಯ ಬೆಲೆಯನ್ನು ಮೀರಿದರೂ ಮೀರಬಹುದು, ಅದಕ್ಕೆ ಸಿದ್ಧರಿರಿ.

ಕೊಳವೆಗೆ ಬಾರೋಮೆಟ್ರಿಕ್ ಡ್ಯಾಂಪರನ್ನೂ ಹಾಕಿಸಿ. ಗಾಳಿ ಜೋರಾದ ರಾತ್ರಿಯಲ್ಲಿ ಚಿಮಣಿಯ ಸೆಳೆತ ಹೆಚ್ಚಾದಾಗ ಅದು ತಾನಾಗಿ ತೆರೆದು ಕೋಣೆಯ ಗಾಳಿಯನ್ನು ಕೊಳವೆಗೆ ಬಿಟ್ಟು, ಬೆಂಕಿಯ ಮೇಲಿನ ಸೆಳೆತವನ್ನು ಸಮನಾಗಿಡುತ್ತದೆ.

ಅಲೆನ್‌ಟೌನ್ ಮಲೆನಾಡಿಗ
ನಮ್ಮ ಸೌದೆ ಒಲೆಯನ್ನು ಕೂರಿಸಿದವರು ಆ ಡ್ಯಾಂಪರ್ ಅಪಾಯಕಾರಿ ಎಂದು ಹೇಳಿದ್ದರು.

ಹೇಜಲ್ಟನ್ ವಾಸಿ
ಸೌದೆಗೆ ಅವರು ಹೇಳಿದ್ದು ಸರಿ. ಸೌದೆಯ ಹೊಗೆಯಿಂದ ಚಿಮಣಿಯೊಳಗೆ ಡಾಂಬರಿನಂತಹ ಕ್ರಿಯೋಸೋಟ್ ಕಟ್ಟುತ್ತದೆ. ಅದಕ್ಕೆ ಬೆಂಕಿ ಬಿದ್ದರೆ ಆ ಡ್ಯಾಂಪರ್ ಇನ್ನಷ್ಟು ಗಾಳಿ ಊಡುತ್ತದೆ. ಆಂಥ್ರಸೈಟಿನಿಂದ ಕ್ರಿಯೋಸೋಟ್ ಕಟ್ಟುವುದಿಲ್ಲ. ಒಂದೇ ಒಲೆಯಲ್ಲಿ ಎರಡನ್ನೂ ಉರಿಸುತ್ತೇನೆ ಎನ್ನುವವರು ಇದನ್ನು ಯೋಚಿಸಬೇಕು. ಸೌದೆಯನ್ನು ಬೆಂಕಿ ಹೊತ್ತಿಸಲು ಮಾತ್ರ ಬಳಸಿ.

ಸ್ಕ್ರಾಂಟನ್ ಗೃಹಿಣಿ
ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬದಲ್ಲಿಯೇ ತುಂಬಿ, ಮರದ ಜಗಲಿಯ ಮೇಲಲ್ಲ, ಮನೆಯಿಂದ ದೂರ ನೆಲದ ಮೇಲಿಡಿ; ತಣ್ಣಗೆ ಕಂಡರೂ ಒಳಗೆ ಕಿಡಿ ದಿನಗಟ್ಟಲೆ ಉಳಿಯುತ್ತದೆ. ಸೌದೆಯ ಬೂದಿಯಂತೆ ಇದನ್ನು ತರಕಾರಿ ಪಾತಿಗೆ ಹಾಕಬಾರದು, ಇದರಲ್ಲಿ ಆರ್ಸೆನಿಕ್‌ನಂತಹ ಧಾತುಗಳಿರುತ್ತವೆ. ಮಗಳು ಚಿಕ್ಕವಳಾದ್ದರಿಂದ ಒಲೆಯ ಸುತ್ತ ಲೋಹದ ಕಟಕಟೆಯನ್ನು ಕಟ್ಟಿಸಿ. ಬೇಡವೆಂದು ಹೇಳಿದವಳು ನಾನು, ಆದರೂ ತರುವುದೇ ಆದರೆ ಇಷ್ಟನ್ನು ಮಾಡಿ.

ಪಾಟ್ಸ್‌ವಿಲ್ ಹೊಸಬ
ಎರಡು ವಾರಗಳ ಬಳಿಕ ಬರೆಯುತ್ತಿದ್ದೇನೆ. ಕ್ಯಾಮೆರಾ ಇಳಿಸಿ ನೋಡಿದರು. ಹಳೆಯ ಚಿಮಣಿಯ ಇಟ್ಟಿಗೆ ಗಟ್ಟಿಯಾಗಿದೆ, ಒಳಗಿನ ಹೆಂಚು ಮೂರು ಕಡೆ ಬಿರಿದಿದೆ. ಒಳಕೊಳವೆ ಹಾಕಿಸಲು ಮುಂದಿನ ತಿಂಗಳು ದಿನ ಸಿಕ್ಕಿದೆ. ಅಷ್ಟರಲ್ಲಿ ಪಕ್ಕದ ಮನೆಯ ಹಿರಿಯರ ಪರಿಚಯದವರಲ್ಲಿ ಇನ್ನೊಂದು ಒಲೆ ಸಿಕ್ಕಿತು. ಬೆಲೆ 700 ಡಾಲರ್. ಹಿಂಬದಿಯ ಫಲಕ, ಕೈಪಿಡಿ, ಹಿಡಿ ಎಲ್ಲವೂ ಇವೆ. ಕಳೆದ ಮಾರ್ಚಿನವರೆಗೂ ಉರಿಸಿ, ಗುಡಿಸಿ, ಬಾಗಿಲು ತೆರೆದಿಟ್ಟಿದ್ದರು. ಇಟ್ಟಿಗೆಗಳನ್ನು ತೆಗೆದು ನೋಡಿದೆ, ತಗಡು ಗಟ್ಟಿಯಾಗಿದೆ. ಮುಂಗಡ ಕೊಟ್ಟು ಬಂದಿದ್ದೇನೆ. ವಿಮೆಯವರು ಫಲಕದ ಚಿತ್ರವನ್ನೂ ಗೋಡೆಯಿಂದ ಬಿಡಬೇಕಾದ ಅಂತರದ ವಿವರವನ್ನೂ ಕೇಳಿದ್ದಾರೆ, ಕಳುಹಿಸಿದ್ದೇನೆ.

ಒಲೆ 400 ಪೌಂಡಿಗೂ ಹೆಚ್ಚು ತೂಗುತ್ತದೆ. ನೆಲಮಾಳಿಗೆಯ ಮೆಟ್ಟಿಲು ಮರದ್ದು. ಅದನ್ನು ಇಳಿಸುವುದು ಹೇಗೆ?

ಬೆತ್ಲೆಹೆಮ್ ಬೆಸುಗೆಯವನು
ಇಟ್ಟಿಗೆ, ಗ್ರೇಟು, ಬಾಗಿಲುಗಳನ್ನೆಲ್ಲ ಬಿಚ್ಚಿ ಬೇರೆಯಾಗಿ ಇಳಿಸಿ, ತೂಕ ಬಹಳ ಕಡಿಮೆಯಾಗುತ್ತದೆ. ಮೆಟ್ಟಿಲಿನ ಕೆಳಗೆ ಎರಡು ಊರೆಗಂಬಗಳನ್ನು ಕೊಡಿ. ಒಲೆಯ ಕೆಳಬದಿಯಲ್ಲಿ ಯಾರೂ ನಿಲ್ಲಬಾರದು, ಮೇಲಿನಿಂದ ಪಟ್ಟಿ ಕಟ್ಟಿ ಇಳಿಬಿಡಬೇಕು.

ತುರ್ತು ಚಿಕಿತ್ಸಾ ವೈದ್ಯೆ
ಗಂಟೆಗಳು ಬಂದವೇ?

ಪಾಟ್ಸ್‌ವಿಲ್ ಹೊಸಬ
ಮೂರು ಬಂದಿವೆ. ಮಗಳ ಕೋಣೆಯ ಹೊರಗೆ ಒಂದು, ನಡುಮನೆಯಲ್ಲಿ ಒಂದು, ನೆಲಮಾಳಿಗೆಯಲ್ಲಿ ಒಂದು. ಅಡುಗೆಮನೆಯ ಫ್ಯಾನಿನ ಗುಂಡಿಯ ಮೇಲೆ ‘ಕಿಟಕಿ ತೆರೆ’ ಎಂದು ಮಗಳೇ ಬರೆದು ಅಂಟಿಸಿದ್ದಾಳೆ.

ಹೇಜಲ್ಟನ್ ವಾಸಿ
ಒಳಕೊಳವೆ ಕೂತ ದಿನ ಇಲ್ಲಿ ತಿಳಿಸಿ. ಹೇಜಲ್ಟನ್ನಿನಿಂದ ನಿಮ್ಮಲ್ಲಿಗೆ ಒಂದು ಗಂಟೆಯ ದಾರಿ. ಮೊದಲ ಬೆಂಕಿಯನ್ನು ಶನಿವಾರ ಬೆಳಿಗ್ಗೆ ಒಟ್ಟಿಗೆ ಹೊತ್ತಿಸೋಣ, ರಾತ್ರಿಗೆ ತುಂಬಿ ಇಡುವುದನ್ನೂ ತೋರಿಸಿಯೇ ಹೊರಡುತ್ತೇನೆ. ಒಣಗಿದ ಓಕ್ ಸೌದೆಯನ್ನು ಸಣ್ಣಗೆ ಸೀಳಿಡಿ, ಎರಡು ಚೀಲ ‘ನಟ್’ ತಂದಿಡಿ.